ಆಟದ ಟೈಲ್‌ಗಳ ನಡುವೆ ಗೆರೆ ಯಾಕೆ ಬರುತ್ತದೆ?

ಪ್ರಶ್ನೆ: ನಾನು ಕುಂದಾಪುರದ ಕಡೆಯವಳು, ಬಿಸಿಎ ಕೊನೆಯ ವರ್ಷದಲ್ಲಿದ್ದೇನೆ. ಪ್ರಾಜೆಕ್ಟಿಗೆಂದು ಗೊಡೊ 4 ಎಂಬ ಗೇಮ್ ಎಂಜಿನ್ನಿನಲ್ಲಿ, ಅಂದರೆ ಆಟ ಕಟ್ಟುವ ತಂತ್ರಾಂಶದಲ್ಲಿ, ಒಂದು 2ಡಿ ಆಟ ಮಾಡುತ್ತಿದ್ದೇವೆ. ನಮ್ಮ ಕಡೆಯ ಹಳೇ ಮನೆ, ಅಂಗಳ, ತೋಟದಲ್ಲಿ ನಡೆಯುವ ಕಥೆ. ಮುರಕಲ್ಲಿನ ಗೋಡೆ, ಅಂಗಳದ ಕೆಂಪು ಮಣ್ಣು, ಹೆಂಚಿನ ಮಾಡು ಇವುಗಳ ಫೋಟೊ ಮೊಬೈಲಿನಲ್ಲಿ ತೆಗೆದು ಗಿಂಪ್ ಎಂಬ ಉಚಿತ ಇಮೇಜ್ ಎಡಿಟರಿನಲ್ಲಿ ಟೈಲ್ (ಪಕ್ಕಪಕ್ಕಕ್ಕೆ ಜೋಡಿಸುತ್ತ ಹೋಗುವ ಚೌಕ ಚಿತ್ರ) ಮಾಡಲು ಹೊರಟೆ. ಜೋಡಣೆಯ ಗೆರೆ ಕಾಣದಂತೆ ಮಾಡುವ ‘ಟೈಲ್ ಸೀಮ್‌ಲೆಸ್’ ಫಿಲ್ಟರ್ ಹಾಕಿದರೆ ಗೋಡೆ ಮಸುಕಾಗಿ, ಒಂದು ಕಲ್ಲಿನ ಮೇಲೆ ಇನ್ನೊಂದು ಕಲ್ಲು ಅರೆಬರೆ ಕಾಣುತ್ತದೆ. ಹಾಗಾಗಿ ‘ಆಫ್‌ಸೆಟ್’ ಮಾಡಿ, ಅಂದರೆ ಚಿತ್ರ ಸರಿಸಿ ಅಂಚನ್ನು ನಡುವಿಗೆ ತಂದು, ಒಂದು ಕಡೆಯದನ್ನು ಇನ್ನೊಂದು ಕಡೆ ನಕಲಿಸುವ ಕ್ಲೋನ್ ಟೂಲ್ ಹಿಡಿದು ಕೈಯಿಂದಲೇ ಸರಿಮಾಡಿದೆ. 512 ಪಿಕ್ಸೆಲ್‌ನಲ್ಲಿ ಜೋಡಿಸಿ ನೋಡಿದಾಗ ಗೆರೆಯೇ ಇರಲಿಲ್ಲ. 64ಕ್ಕೆ ಇಳಿಸಿ, ಸ್ವಲ್ಪ ಶಾರ್ಪನ್ ಮಾಡಿ ಆಟಕ್ಕೆ ಹಾಕಿದರೆ ಗೆರೆ ಮತ್ತೆ ಬಂತು. ಪಾತ್ರ ಓಡಾಡುವಾಗ ಕೆಲವು ಗೆರೆಗಳು ಮಿನುಗುತ್ತವೆ. ಅಂಗಳವಂತೂ ದೂರದಿಂದ ಚೌಕ ಚೌಕವಾಗಿ ಕಾಣುತ್ತದೆ. ಫೋಟೊಶಾಪ್ ಇಲ್ಲದೆ ಆಗದು ಎಂದು ಒಬ್ಬರು, ಟೈಲ್ ದೊಡ್ಡದು ಮಾಡು ಎಂದು ಇನ್ನೊಬ್ಬರು, ಎಐಯಿಂದ ಮಾಡಿಸು ಎಂದು ಮತ್ತೊಬ್ಬರು ಹೇಳುತ್ತಾರೆ. ಲ್ಯಾಪ್‌ಟಾಪ್ ಹಳೆಯದು, ದುಡ್ಡು ಹಾಕುವ ಸ್ಥಿತಿಯಲ್ಲಿ ಇಲ್ಲ. ತಪ್ಪು ಎಲ್ಲಾಗುತ್ತಿದೆ?

ಉತ್ತರ: ನಿಮ್ಮ ಪತ್ರದಲ್ಲಿ ಒಂದು ವಾಕ್ಯಕ್ಕೆ ನಾನು ಕೆಂಪು ಗೆರೆ ಎಳೆದಿದ್ದೇನೆ. 512ರಲ್ಲಿ ಗೆರೆ ಇರಲಿಲ್ಲ, 64ಕ್ಕೆ ಇಳಿಸಿ ಶಾರ್ಪನ್ ಮಾಡಿದ ಮೇಲೆ ಬಂತು ಎಂದಿದ್ದೀರಲ್ಲ, ಅದಕ್ಕೆ. ಅಂದರೆ ಕಷ್ಟದ ಕೆಲಸವನ್ನು ನೀವು ಸರಿಯಾಗಿಯೇ ಮಾಡಿ ಮುಗಿಸಿದ್ದಿರಿ. ಆಮೇಲಿನ ಎರಡು ಸಣ್ಣ ಹೆಜ್ಜೆಗಳು ಅದನ್ನು ಕೆಡಿಸಿವೆ. ಹೊಸಬರು ಕಳಿಸುವ ಟೈಲ್‌ಗಳಲ್ಲಿ ನಾನು ಅತಿ ಹೆಚ್ಚು ನೋಡುವ ತೊಂದರೆ ಇದೇ. ಕೈಯಲ್ಲಿ ಕಲೆ ಇಲ್ಲ ಎಂದೋ ತಂತ್ರಾಂಶ ಸಾಲದು ಎಂದೋ ಅವರು ಕೊರಗುತ್ತಿರುತ್ತಾರೆ. ನಿಜವಾಗಿ ಕೆಟ್ಟಿರುವುದು ಕೆಲಸದ ಕ್ರಮ.

ಇನ್ನೊಂದು ಮಾತು. ನೀವು ‘ಗೆರೆ’ ಎಂದು ಒಂದೇ ಹೆಸರು ಕೊಟ್ಟಿರುವುದು ಮೂರು ಬೇರೆ ಬೇರೆ ತೊಂದರೆಗಳಿಗೆ. ಚಿತ್ರದ ಅಂಚು ಅಂಚಿಗೆ ಕೂಡದಿರುವುದು ಒಂದು. ಚಿತ್ರ ಸರಿಯಿದ್ದರೂ ಗೇಮ್ ಎಂಜಿನ್ ಅದನ್ನು ಪರದೆಯ ಮೇಲೆ ಬಿಡಿಸುವಾಗ ಮೂಡುವ ಗೆರೆ ಇನ್ನೊಂದು. ಎಲ್ಲ ಸರಿಯಾಗಿ ಕೂಡಿದ್ದರೂ ಒಂದೇ ಚಿತ್ರ ಮತ್ತೆ ಮತ್ತೆ ಬರುವುದರಿಂದ ಕಣ್ಣಿಗೆ ಕಾಣುವ ಚೌಕಗಳು ಮೂರನೆಯದು. ಮೂರಕ್ಕೂ ಪರಿಹಾರ ಬೇರೆ. ಒಂದರ ಪರಿಹಾರವನ್ನು ಇನ್ನೊಂದಕ್ಕೆ ಹಾಕಿದರೆ ರಾತ್ರಿಯಿಡೀ ಕ್ಲೋನ್ ಟೂಲ್ ತಿಕ್ಕಿದರೂ ಏನೂ ಬದಲಾಗದು.

ಹಾಗಾಗಿ ಮೊದಲು ಒಂದು ಪರೀಕ್ಷೆ ಮಾಡಿ. ನಿಮ್ಮ ಟೈಲ್‌ಸೆಟ್‌ನ (ಟೈಲ್‌ಗಳೆಲ್ಲ ಇರುವ ಚಿತ್ರದ) ಒಂದು ನಕಲು ತೆಗೆದು, ಗೋಡೆಯ ಟೈಲ್ ಇರುವ ಚೌಕಕ್ಕೆ ಪೂರ್ತಿಯಾಗಿ ಒಂದೇ ಗಾಢ ಗುಲಾಬಿ ಬಣ್ಣ ತುಂಬಿ ಆಟ ಓಡಿಸಿ. ಒಂದೇ ಬಣ್ಣದ ಟೈಲ್‌ಗಳ ನಡುವೆಯೂ ಗೆರೆ ಕಂಡರೆ, ಅದರಲ್ಲೂ ಕ್ಯಾಮೆರಾ ಚಲಿಸುವಾಗ ಮಾತ್ರ ಮಿನುಗಿದರೆ, ತಪ್ಪು ಎಂಜಿನ್ನಿನ ಕಡೆಯದು. ಗಿಂಪ್‌ನಲ್ಲಿ ನೀವು ಏನು ಮಾಡಿದರೂ ಅದು ಹೋಗದು. ಗುಲಾಬಿ ಬಣ್ಣದಲ್ಲಿ ಗೆರೆ ಇಲ್ಲ, ಗೋಡೆಯ ಚಿತ್ರ ಹಾಕಿದಾಗ ಇದೆ, ನಿಂತಲ್ಲೇ ನಿಂತಿರುತ್ತದೆ ಅಂದರೆ ತಪ್ಪು ಚಿತ್ರದಲ್ಲಿದೆ. ನೀವು ಬರೆದದ್ದನ್ನು ನೋಡಿದರೆ ನಿಮ್ಮಲ್ಲಿ ಎರಡೂ ಇವೆ.

ಚಿತ್ರದ ಗೆರೆಯಿಂದಲೇ ಶುರುಮಾಡೋಣ. ಇಮೇಜ್ ಎಡಿಟರಿನಲ್ಲಿ ಮಾಡುವ ಕೆಲಸಗಳನ್ನೆಲ್ಲ ಎರಡು ಗುಂಪು ಮಾಡಬಹುದು. ಬಣ್ಣ ಬದಲಿಸುವುದು, ಕರ್ವ್ಸ್, ಲೆವೆಲ್ಸ್, ಹೊಳಪು ಹೆಚ್ಚು ಕಡಿಮೆ ಮಾಡುವುದು, ಪಿಕ್ಸೆಲ್ ಪಿಕ್ಸೆಲ್‌ಗೆ ಕಾಳು ಉದುರಿಸುವ ನಾಯ್ಸ್, ಇವೆಲ್ಲ ಒಂದು ಪಿಕ್ಸೆಲ್ಲನ್ನು ಅದರಷ್ಟಕ್ಕೆ ನೋಡಿ ಬದಲಿಸುತ್ತವೆ. ಪಕ್ಕದಲ್ಲಿ ಏನಿದೆ ಎಂದು ಅವು ಕೇಳುವುದೇ ಇಲ್ಲ. ಸೀಮ್‌ಲೆಸ್ ಆದ ಟೈಲ್ ಮೇಲೆ ಇವನ್ನು ಎಷ್ಟು ಬೇಕಾದರೂ ಹಾಕಿ, ಅಂಚು ಕೆಡದು. ಎರಡನೇ ಗುಂಪಿನಲ್ಲಿ ಬ್ಲರ್, ಶಾರ್ಪನ್, ಉಬ್ಬು ತಗ್ಗಿನ ನೆರಳು ಕೊಡುವ ಬಂಪ್ ಮ್ಯಾಪ್, ಅಳತೆ ಇಳಿಸುವುದು, ತಿರುಗಿಸುವುದು ಬರುತ್ತವೆ. ಇವು ಪ್ರತಿ ಪಿಕ್ಸೆಲ್‌ನ ಹೊಸ ಬಣ್ಣವನ್ನು ಸುತ್ತಲಿನ ಪಿಕ್ಸೆಲ್‌ಗಳನ್ನು ನೋಡಿ ಲೆಕ್ಕ ಹಾಕುತ್ತವೆ. ಚಿತ್ರದ ಬಲ ಅಂಚಿಗೆ ಬಂದಾಗ ಅದರಾಚೆ ಪಿಕ್ಸೆಲ್ಲೇ ಇಲ್ಲ. ಆಟದಲ್ಲಿ ಅಲ್ಲಿ ಇದೇ ಟೈಲಿನ ಎಡ ಅಂಚು ಬಂದು ಕೂರುತ್ತದೆ ಎಂಬುದು ಗಿಂಪ್‌ಗೆ ಗೊತ್ತಿಲ್ಲ. ಅದು ಇರುವ ಅಂಚಿನ ಬಣ್ಣವನ್ನೇ ಹಿಗ್ಗಿಸಿ ಲೆಕ್ಕ ಮುಗಿಸುತ್ತದೆ. ಎಡದಲ್ಲೂ ಹೀಗೇ ಆಗುತ್ತದೆ. ಎರಡೂ ಅಂಚು ಬೇರೆ ಬೇರೆ ದಿಕ್ಕಿಗೆ ಒಂದಿಷ್ಟು ಸರಿದು ಗೆರೆ ಹುಟ್ಟುತ್ತದೆ. ನೀವು 512ರಿಂದ 64ಕ್ಕೆ ಇಳಿಸಿದಾಗ ಹುಟ್ಟಿದ ಆ ತೆಳು ಗೆರೆಗೆ ಶಾರ್ಪನ್ ಮಾಡಿ ಇನ್ನಷ್ಟು ಮೆರುಗು ಕೊಟ್ಟಿರಿ.

ಪರಿಹಾರ ಸುಲಭದ್ದು. ಇಳಿಸುವ ಮೊದಲು ಟೈಲನ್ನು ಮೂರು ಅಡ್ಡ, ಮೂರು ಉದ್ದ ಹರಡಿ. ಗಿಂಪ್‌ನಲ್ಲಿ ಫಿಲ್ಟರ್ಸ್, ಮ್ಯಾಪ್, ಟೈಲ್ ಎಂಬಲ್ಲಿಗೆ ಹೋಗಿ ಅಳತೆಯನ್ನು 1536ಕ್ಕೆ 1536 ಎಂದು ಕೊಟ್ಟರೆ ಒಂಬತ್ತು ಪ್ರತಿ ಜೋಡಿಸಿಕೊಂಡ ಒಂದು ದೊಡ್ಡ ಚಿತ್ರ ಸಿಗುತ್ತದೆ. ಅದನ್ನು 192ಕ್ಕೆ ಇಳಿಸಿ. ಶಾರ್ಪನ್ ಮಾಡುವುದಿದ್ದರೆ ಈಗಲೇ ಮಾಡಿ. ಕೊನೆಗೆ ಕ್ರಾಪ್ ಟೂಲ್‌ನ ಆಯ್ಕೆಗಳಲ್ಲಿ ಸ್ಥಾನ 64, 64 ಎಂದೂ ಅಳತೆ 64ಕ್ಕೆ 64 ಎಂದೂ ಬರೆದು ನಡುವಿನ ಚೌಕವನ್ನು ಮಾತ್ರ ಕತ್ತರಿಸಿಕೊಳ್ಳಿ. ನಡುವಿನ ಟೈಲಿಗೆ ನಾಲ್ಕೂ ಕಡೆ ನಿಜವಾದ ನೆರೆ ಇದ್ದುದರಿಂದ ಅದರ ಅಂಚಿನ ಲೆಕ್ಕ ಸರಿಯಾಗಿ ಬಂದಿರುತ್ತದೆ. ಕೆಟ್ಟಿರುವುದು ಹೊರಗಿನ ಅಂಚು, ಅದನ್ನು ನಾವು ಎಸೆದೆವು. ನೀವು ಆಗಲೇ ಮಾಡಿಟ್ಟ 512ರ ಫೈಲ್ ಉಳಿದಿದ್ದರೆ ಇವತ್ತೇ ಇದನ್ನು ಮಾಡಿ ನೋಡಿ, ಅರ್ಧ ಸಮಸ್ಯೆ ಅಲ್ಲಿಗೇ ತೀರಬೇಕು.

ಟೈಲನ್ನು ಉಳಿಸುವುದು ಯಾವಾಗಲೂ ಪಿಎನ್‌ಜಿಯಲ್ಲಿರಲಿ. ಜೆಪೆಗ್ ಚಿತ್ರವನ್ನು 8ಕ್ಕೆ 8 ಪಿಕ್ಸೆಲ್‌ಗಳ ತುಂಡುಗಳಾಗಿ ಮಾಡಿ ಪ್ರತಿ ತುಂಡನ್ನೂ ಬೇರೆಯಾಗಿ ಅಂದಾಜಿಸುವುದರಿಂದ ಕೂಡಿದ್ದ ಅಂಚಿನ ಬಣ್ಣಗಳು ಮತ್ತೆ ಸರಿಯುತ್ತವೆ. ಫೋನಿನ ಮೂಲ ಫೋಟೊ ಜೆಪೆಗ್ ಆಗಿರುವುದಕ್ಕೆ ಚಿಂತೆ ಬೇಡ.

‘ಟೈಲ್ ಸೀಮ್‌ಲೆಸ್’ ಯಾಕೆ ಗೋಡೆಯನ್ನು ಮಸುಕು ಮಾಡಿತು ಎಂದು ಕೇಳಿದ್ದೀರಿ. ಆ ಫಿಲ್ಟರ್ ಚಿತ್ರದ ಒಂದು ಪ್ರತಿಯನ್ನು ಅರ್ಧದಷ್ಟು ಸರಿಸಿ, ಮೂಲದ ಜೊತೆ ಮೆಲ್ಲಗೆ ಬೆರೆಸುತ್ತದೆ. ಮರಳು, ಹುಲ್ಲು, ಸಿಮೆಂಟ್ ಗಿಲಾವು ಇಂಥ ಆಕಾರವಿಲ್ಲದ ಮೇಲ್ಮೈಗಳಿಗೆ ಇದು ನಡೆಯುತ್ತದೆ. ಕಲ್ಲು, ಇಟ್ಟಿಗೆ, ಹಲಗೆ ಇರುವ ಕಡೆ ಎರಡು ಬೇರೆ ಕಲ್ಲುಗಳ ಚಿತ್ರ ಒಂದರ ಮೇಲೊಂದು ಬಿದ್ದು ನೀವು ಕಂಡ ಅವಾಂತರ ಆಗುತ್ತದೆ. ಮರಳಿನಲ್ಲಿಯೂ ಒಂದು ಕುಂದು ಉಳಿದೇ ಉಳಿಯುತ್ತದೆ. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಮೇಲ್ಮೈಗಳನ್ನು ಸಮಪಾಲು ಬೆರೆಸಿದರೆ ಬಣ್ಣದ ಏರಿಳಿತ ಸುಮಾರು 71 ಶೇಕಡಕ್ಕೆ ಇಳಿಯುತ್ತದೆ. ಇದು ಸರಾಸರಿಯ ಲೆಕ್ಕ, ತಪ್ಪಿಸಿಕೊಳ್ಳಲು ಬರುವುದಿಲ್ಲ. ಬೆರೆತ ಜಾಗ ಸಪ್ಪೆಯಾಗಿ, ಬೆರೆಯದ ಜಾಗ ಗಡುಸಾಗಿ ಉಳಿದು, ಅದೇ ಒಂದು ಹೊಸ ಚೌಕಟ್ಟಾಗಿ ಕಾಣುತ್ತದೆ. ಹಾಗಾಗಿ ನಾನು ಈ ಫಿಲ್ಟರನ್ನು ಬೇಗ ಒಂದು ಮಾದರಿ ನೋಡಲು ಬಳಸುತ್ತೇನೆ, ಕೊನೆಯ ಚಿತ್ರಕ್ಕೆ ಬಳಸುವುದಿಲ್ಲ.

ಮುರಕಲ್ಲಿನ ಗೋಡೆಗೆ ನಾನು ಹೇಳುವ ದಾರಿ ಬೇರೆ, ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಕಲ್ಲಿನ ಗೋಡೆಯಲ್ಲಿ ಸಂದು ಈಗಾಗಲೇ ಇದೆ. ಹೊಸ ಸಂದು ಮುಚ್ಚುವ ಗೋಜಿಗೆ ಹೋಗದೆ ಇರುವ ಸಂದಿನಲ್ಲೇ ನಮ್ಮ ಜೋಡಣೆಯನ್ನು ಅಡಗಿಸಬೇಕು.

ಫೋಟೊ ಮೋಡ ಮುಚ್ಚಿದ ಹೊತ್ತಿನಲ್ಲಿ ತೆಗೆಯಿರಿ. ಬಿಸಿಲಿದ್ದರೆ ಮುರಕಲ್ಲಿನ ಒಂದೊಂದು ತೂತಿನಲ್ಲೂ ಒಂದು ಬದಿಗೆ ಕಪ್ಪು ನೆರಳು ಬೀಳುತ್ತದೆ, ಆ ನೆರಳು ನಿಮ್ಮ ಆಟದ ಬೆಳಕಿನ ದಿಕ್ಕಿಗೆ ಹೊಂದದು. ಫೋನನ್ನು ಗೋಡೆಗೆ ನೇರವಾಗಿ ಹಿಡಿದು, ಒಂದಿಷ್ಟು ಹಿಂದೆ ಸರಿದು ತೆಗೆಯಿರಿ. ತೀರ ಹತ್ತಿರದಿಂದ ತೆಗೆದರೆ ಅಂಚಿನ ಕಲ್ಲುಗಳು ಬಾಗುತ್ತವೆ. ಗೋಡೆಯ ಬುಡ ಬಿಟ್ಟುಬಿಡಿ. ನಮ್ಮ ಕರಾವಳಿಯ ಮಳೆಯಲ್ಲಿ ಕೆಳಗಿನ ಸಾಲುಗಳಿಗೆ ಕೆಸರು ಸಿಡಿದು, ಪಾಚಿ ಕಟ್ಟಿ ಬಣ್ಣವೇ ಬೇರೆಯಾಗಿರುತ್ತದೆ. ‘ಫೋನ್ ಕ್ಯಾಮೆರಾ ಸಾಲದು’ ಎಂಬ ಮಾತು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. 64 ಪಿಕ್ಸೆಲ್ಲಿಗೆ ಇಳಿಯುವ ಚಿತ್ರಕ್ಕೆ ಯಾವ ಫೋನಾದರೂ ಸಾಕು. ಬೆಳಕು ಸಮವಾಗಿರಬೇಕು, ಅದು ಮುಖ್ಯ.

ಆಮೇಲೆ ಪರ್ಸ್ಪೆಕ್ಟಿವ್ ಟೂಲನ್ನು ‘ಕರೆಕ್ಟಿವ್’ ದಿಕ್ಕಿನಲ್ಲಿಟ್ಟು ಸಾಲುಗಳನ್ನು ನೇರ ಮಾಡಿಕೊಳ್ಳಿ. ಅದಾದ ಮೇಲೆ ಬೆಳಕಿನ ಏರಿಳಿತ ತೆಗೆಯಬೇಕು. ಫೋಟೊದ ಒಂದು ಮೂಲೆ ತುಸು ಕಪ್ಪಾಗಿದ್ದರೂ ಟೈಲ್ ಹರಡಿದಾಗ ಚೌಕ ಎದ್ದು ಕಾಣುತ್ತದೆ, ಅಂಚು ಎಷ್ಟೇ ಚೆನ್ನಾಗಿ ಕೂಡಿದ್ದರೂ. ಲೇಯರಿನ (ಚಿತ್ರದ ಪದರದ) ಒಂದು ಪ್ರತಿ ಮಾಡಿ ಅದಕ್ಕೆ ದೊಡ್ಡ ಗಾಸಿಯನ್ ಬ್ಲರ್ ಕೊಡಿ. ಬ್ಲರಿನ ಅಳತೆ ಒಂದು ಕಲ್ಲಿನ ಅಗಲಕ್ಕಿಂತ ಹೆಚ್ಚಿರಲಿ, ಇಲ್ಲದಿದ್ದರೆ ಕಲ್ಲಿಗೂ ಕಲ್ಲಿಗೂ ಇರುವ ಸಹಜ ಬಣ್ಣದ ವ್ಯತ್ಯಾಸವೂ ಅಳಿಸಿಹೋಗುತ್ತದೆ. ಆ ಲೇಯರಿನ ಮೋಡ್ ‘ಗ್ರೇನ್ ಎಕ್ಸ್‌ಟ್ರಾಕ್ಟ್’ ಮಾಡಿದರೆ ಬೆಳಕು ಹೋಗಿ ವಿವರಗಳು ಮಾತ್ರ ಬೂದು ಹಿನ್ನೆಲೆಯಲ್ಲಿ ಉಳಿಯುತ್ತವೆ. ‘ನ್ಯೂ ಫ್ರಮ್ ವಿಸಿಬಲ್’ ಒತ್ತಿ ಅದನ್ನು ಒಂದು ಲೇಯರ್ ಮಾಡಿಕೊಳ್ಳಿ. ಕಲರ್ ಪಿಕರಿನಲ್ಲಿ ‘ಸ್ಯಾಂಪಲ್ ಆವರೇಜ್’ ದೊಡ್ಡದಿಟ್ಟು ಮೂಲ ಗೋಡೆಯ ಸರಾಸರಿ ಬಣ್ಣ ಹಿಡಿದು, ಆ ಬಣ್ಣ ತುಂಬಿದ ಲೇಯರನ್ನು ಮೇಲೆ ‘ಗ್ರೇನ್ ಮರ್ಜ್’ ಮೋಡಿನಲ್ಲಿ ಇಟ್ಟರೆ ಮುರಕಲ್ಲಿನ ಕೆಂಪು ವಾಪಸು ಬರುತ್ತದೆ. ಬ್ಲರ್ ಪಕ್ಕದ ಪಿಕ್ಸೆಲ್ ನೋಡುವ ಫಿಲ್ಟರಲ್ಲವೇ ಎಂದು ನೀವು ಕೇಳಬಹುದು. ಹೌದು, ಅದಕ್ಕೇ ಈ ಕೆಲಸ ಅಂಚು ಕೂಡಿಸುವುದಕ್ಕಿಂತ ಮೊದಲು, ದೊಡ್ಡ ಫೋಟೊದ ಮೇಲೆಯೇ ಆಗಬೇಕು.

ಈಗ ಗೋಡೆ ಕಟ್ಟುವ ಭಾಗ. ಒಂದೊಂದು ಸಾಲನ್ನೂ ಬೇರೆ ಬೇರೆ ಲೇಯರಿಗೆ ಕತ್ತರಿಸಿ. ಮೇಲೆ ಕೆಳಗೆ ಗಾರೆಯ ನಡುಗೆರೆಯಲ್ಲಿ ಕತ್ತರಿ ಬೀಳಲಿ. ಎಡ ಬಲದಲ್ಲಿ ಲಂಬ ಸಂದಿನ ನಡುವೆ ಬೀಳಲಿ. ಅಂದರೆ ಪ್ರತಿ ಲೇಯರಿನಲ್ಲೂ ಇಡೀ ಕಲ್ಲುಗಳೇ ಇರಬೇಕು, ಅರ್ಧ ಕಲ್ಲು ಇರಕೂಡದು. ನಾಲ್ಕು ಸಾಲು, ಸಾಲಿಗೆ ಎರಡು ಕಲ್ಲು ತೆಗೆದುಕೊಳ್ಳಿ. ಪ್ರತಿ ಸಾಲನ್ನೂ 512 ಅಗಲ, 128 ಎತ್ತರಕ್ಕೆ ಹೊಂದಿಸಿ. ಅಳತೆಯಲ್ಲಿ ಸ್ವಲ್ಪ ಹಿಗ್ಗಿಸಿದ್ದು ಕುಗ್ಗಿಸಿದ್ದು ಕಲ್ಲಿನಲ್ಲಿ ಗೊತ್ತಾಗುವುದಿಲ್ಲ. ನಾಲ್ಕನ್ನೂ ಒಂದರ ಕೆಳಗೊಂದು ಜೋಡಿಸಿದರೆ ಲಂಬ ಸಂದುಗಳೆಲ್ಲ ಒಂದೇ ನೇರಕ್ಕೆ ಬರುತ್ತವೆ, ಗೋಡೆ ಹಾಗೆ ಇರುವುದಿಲ್ಲ. ಆದ್ದರಿಂದ ಎರಡನೇ ಮತ್ತು ನಾಲ್ಕನೇ ಸಾಲಿನ ಲೇಯರುಗಳನ್ನು ಆರಿಸಿ, ಆಫ್‌ಸೆಟ್‌ನಲ್ಲಿ ಅಡ್ಡಕ್ಕೆ 128 ಪಿಕ್ಸೆಲ್, ಅಂದರೆ ಅರ್ಧ ಕಲ್ಲಿನಷ್ಟು, ‘ವ್ರ್ಯಾಪ್ ಅರೌಂಡ್’ ಇಟ್ಟು ಸರಿಸಿ. ಬಲಕ್ಕೆ ಹೊರಹೋದ ಅರ್ಧ ಕಲ್ಲು ಎಡದಿಂದ ಒಳಬರುತ್ತದೆ. ಈಗ ಗಮನಿಸಿ: ಟೈಲಿನ ಅಂಚು ಆ ಸಾಲುಗಳಲ್ಲಿ ಒಂದೇ ಕಲ್ಲಿನ ನಟ್ಟನಡುವೆ ಹಾದುಹೋಗುತ್ತದೆ, ಅಲ್ಲಿ ಜೋಡಣೆ ಮಾಡಿದ ಗುರುತೇ ಇಲ್ಲ. ನಾವು ಕತ್ತರಿಸಿದ ಜಾಗಗಳೆಲ್ಲ ಗಾರೆಯೊಳಗೆ ಸೇರಿಕೊಂಡಿವೆ. ಗಾರೆಯನ್ನು ಕ್ಲೋನ್ ಟೂಲಿನಲ್ಲಿ ಅಲ್ಲಲ್ಲಿ ಸವರಿದರೆ ಮುಗಿಯಿತು. ಹೀಲ್ ಟೂಲ್ ಇಲ್ಲಿ ಬೇಡ, ಅದು ಸುತ್ತಲಿನ ಬಣ್ಣವನ್ನು ಎಳೆದು ಕಲ್ಲಿನ ಕೆಂಪನ್ನು ಗಾರೆಗೆ ಬಳಿಯುತ್ತದೆ.

ಸಾಲುಗಳ ಸಂಖ್ಯೆ ಸಮ ಇರಬೇಕು ಎಂಬುದನ್ನು ಮರೆಯಬೇಡಿ. ಮೂರು ಸಾಲು ಇಟ್ಟರೆ ಟೈಲ್ ಮೇಲೆ ಟೈಲ್ ಬಂದಾಗ ಎರಡು ಸಾಲುಗಳ ಸಂದು ಒಂದೇ ನೇರಕ್ಕೆ ಬಿದ್ದು, ಎಷ್ಟು ತಿಕ್ಕಿದರೂ ಹೋಗದ ಒಂದು ಪಟ್ಟೆ ಕಾಣಿಸುತ್ತದೆ. ಸೀಮ್‌ಲೆಸ್ ಆಗಲೇ ಇಲ್ಲ ಎಂದು ಜನ ಕಳಿಸುವ ಇಟ್ಟಿಗೆ ಗೋಡೆಗಳಲ್ಲಿ ನಾನು ಮೊದಲು ಎಣಿಸುವುದೇ ಸಾಲುಗಳನ್ನು.

64ಕ್ಕೆ ಇಳಿಸಿದಾಗ ಒಂದು ಸಾಲಿಗೆ ಸಿಗುವುದು 16 ಪಿಕ್ಸೆಲ್, ಗಾರೆಗೆ ಒಂದೋ ಎರಡೋ. ಮುರಕಲ್ಲಿನ ಸಣ್ಣ ತೂತುಗಳು ಅಷ್ಟರಲ್ಲಿ ಉಳಿಯವು. ಹಾಗಾಗಿ ಇಳಿಸಿ ಕತ್ತರಿಸಿಕೊಂಡ ಮೇಲೆ 1 ಪಿಕ್ಸೆಲ್ ಪೆನ್ಸಿಲ್ ಹಿಡಿದು ಗಾರೆಯ ಗೆರೆಯನ್ನು ನೇರ ಮಾಡಿ, ಪ್ರತಿ ಕಲ್ಲಿನಲ್ಲೂ ಎರಡು ಮೂರು ಕಪ್ಪು ಚುಕ್ಕೆ ನೀವೇ ಇಡಿ. ಈ ಕೈಕೆಲಸಕ್ಕೆ ಸ್ವಲ್ಪ ಹೊತ್ತು ಹಿಡಿಯುತ್ತದೆ, ಆದರೆ ಫೋಟೊ ಹಾಗೇ ಇಳಿಸಿದ ಟೈಲಿಗೂ ಇದಕ್ಕೂ ನೋಡಿದ ಕೂಡಲೇ ವ್ಯತ್ಯಾಸ ತಿಳಿಯುತ್ತದೆ. ಪೆನ್ಸಿಲ್ ಮುಟ್ಟಿದ ಪಿಕ್ಸೆಲ್ ಮಾತ್ರ ಬದಲಾಗುವುದರಿಂದ ಒಳಗೆ ಬರೆದದ್ದು ಅಂಚಿಗೆ ತಾಗುವುದಿಲ್ಲ. ಅಂಚಿನಲ್ಲೇ ಬರೆಯುವುದಿದ್ದರೆ ಎದುರು ಅಂಚಿನಲ್ಲಿ ಏನಿದೆ ನೋಡಿಕೊಂಡು ಬರೆಯಿರಿ.

ಎಂಜಿನ್ನಿನ ಗೆರೆಗೆ ಬರುತ್ತೇನೆ. ಟೈಲ್‌ಗಳೆಲ್ಲ ಒಂದೇ ದೊಡ್ಡ ಚಿತ್ರದಲ್ಲಿ, ಅಂದರೆ ಅಟ್ಲಾಸಿನಲ್ಲಿ, ಒತ್ತೊತ್ತಾಗಿ ಕೂತಿರುತ್ತವೆ. ಕ್ಯಾಮೆರಾ ಪಿಕ್ಸೆಲ್‌ನ ಭಿನ್ನರಾಶಿಯಲ್ಲಿ ನಿಂತಾಗ, ಅಥವಾ ಜೂಮ್ 1.3ರಂಥ ಸಂಖ್ಯೆಯಾದಾಗ, ಗ್ರಾಫಿಕ್ಸ್ ಚಿಪ್ ಎರಡು ಪಿಕ್ಸೆಲ್‌ಗಳ ನಡುವಿನ ಬಣ್ಣವನ್ನು ಬೆರೆಸಿ ತೆಗೆಯುತ್ತದೆ. ಟೈಲಿನ ಅಂಚಿನಲ್ಲಿ ಆ ‘ನಡುವೆ’ ಎಂದರೆ ಅಟ್ಲಾಸಿನಲ್ಲಿ ಪಕ್ಕಕ್ಕಿರುವ ಬೇರೆಯದೇ ಟೈಲ್, ಅಥವಾ ಖಾಲಿ ಜಾಗ. ಗೋಡೆಯ ಅಂಚಿನಲ್ಲಿ ಹುಲ್ಲಿನ ಹಸಿರು ಇಣುಕುವುದು ಹೀಗೆ. ಗೊಡೊ 4ರ ಟೈಲ್‌ಸೆಟ್‌ನಲ್ಲಿ ‘ಯೂಸ್ ಟೆಕ್ಸ್ಚರ್ ಪ್ಯಾಡಿಂಗ್’ ಎಂಬ ಆಯ್ಕೆ ಇದೆ, ಪ್ರತಿ ಟೈಲ್ ಸುತ್ತ ಒಂದು ಪಿಕ್ಸೆಲ್ ಹೆಚ್ಚುವರಿ ಅಂಚು ಅದೇ ಹಾಕಿಕೊಳ್ಳುತ್ತದೆ. ಯಾರಾದರೂ ಅದನ್ನು ಆಫ್ ಮಾಡಿದ್ದಾರೆಯೇ ನೋಡಿ. ಒಂದು ಟೈಲಿನ ಅಳತೆ ಹೇಳುವ ‘ಟೆಕ್ಸ್ಚರ್ ರೀಜನ್ ಸೈಜ್’ ಸರಿಯಾಗಿ 64 ಇದೆಯೇ ಅದನ್ನೂ ನೋಡಿ. 63 ಎಂದೋ 65 ಎಂದೋ ಬಿದ್ದಿದ್ದರೆ ಮತ್ತೇನೂ ಹುಡುಕಬೇಕಿಲ್ಲ.

ಅದರಿಂದಲೂ ಹೋಗದಿದ್ದರೆ ಅಂಚನ್ನು ನೀವೇ ಹಾಕಬಹುದು. ಮೇಲೆ ಹೇಳಿದ 192ರ ಚಿತ್ರದಿಂದ 64ರ ಬದಲು 68ಕ್ಕೆ 68ರ ಚೌಕ ಕತ್ತರಿಸಿ, ಸ್ಥಾನ 62, 62. ಸುತ್ತ ಎರಡೆರಡು ಪಿಕ್ಸೆಲ್ ನಿಜವಾದ ನೆರೆಯ ಬಣ್ಣವೇ ಬರುತ್ತದೆ. ಅಟ್ಲಾಸಿನಲ್ಲಿ ಇಂಥವನ್ನು ಜೋಡಿಸಿ, ಗೊಡೊದಲ್ಲಿ ಮಾರ್ಜಿನ್ 2, ಸೆಪರೇಷನ್ 4 ಎಂದು ಕೊಡಿ. ಪೆನ್ಸಿಲ್ ಕೆಲಸ ಮಾಡಿದ ಟೈಲ್ ಆದರೆ ಅದನ್ನೇ ಇನ್ನೊಮ್ಮೆ ಮೂರಕ್ಕೆ ಮೂರು ಹರಡಿ ಅದರಿಂದ ಕತ್ತರಿಸಿಕೊಳ್ಳಬೇಕು.

ಟೆಕ್ಸ್ಚರ್ ಫಿಲ್ಟರನ್ನು ‘ನಿಯರೆಸ್ಟ್’ ಮಾಡಿದರೆ ಬೆರೆಸುವುದೇ ನಿಲ್ಲುತ್ತದೆ, ಆದ್ದರಿಂದ ಅನೇಕರು ಕಣ್ಣುಮುಚ್ಚಿ ಅದನ್ನೇ ಹೇಳುತ್ತಾರೆ. ಪಿಕ್ಸೆಲ್ ಆರ್ಟ್ ಆದರೆ ಅದೇ ಸರಿ. ನಿಮ್ಮದು ಫೋಟೊದಿಂದ ಬಂದ ಮೇಲ್ಮೈ. ಜೂಮ್ ಪೂರ್ಣಾಂಕವಲ್ಲದ ಕಡೆ ಅದು ಒರಟಾಗಿ, ಚಲಿಸುವಾಗ ಮರಳು ಹಾರಿದ ಹಾಗೆ ಕಾಣುತ್ತದೆ. ನಾನಾದರೆ ಬಣ್ಣ ಬೆರೆಸುವ ‘ಲಿನಿಯರ್’ ಆಯ್ಕೆಯನ್ನೇ ಉಳಿಸಿ, ಅಂಚು ಕೊಟ್ಟು, ಜೂಮನ್ನು 1 ಅಥವಾ 2ಕ್ಕೆ ಕಟ್ಟಿಹಾಕುತ್ತೇನೆ.

ಪೊದೆ, ಬೇಲಿಯಂಥ ಪಾರದರ್ಶಕ ಟೈಲ್‌ಗಳ ಸುತ್ತ ಕಪ್ಪು ಅಥವಾ ಬಿಳಿ ಅಂಚು ಕಂಡರೆ ಅದಕ್ಕೂ ಕಾರಣ ಈ ಬೆರಕೆಯೇ. ಕಾಣದ ಪಿಕ್ಸೆಲ್ಲಿಗೂ ಒಂದು ಬಣ್ಣ ಇರುತ್ತದೆ, ಅದು ಅಂಚಿಗೆ ಸೋರುತ್ತದೆ. ಗೊಡೊದ ಇಂಪೋರ್ಟ್ ಆಯ್ಕೆಗಳಲ್ಲಿ ‘ಫಿಕ್ಸ್ ಆಲ್ಫಾ ಬಾರ್ಡರ್’ ಗುರುತು ಇದ್ದರೆ ಸಾಕು.

ಮೂರನೆಯದು, ಅಂಗಳದ ಚೌಕಗಳು. ಇಲ್ಲಿ ‘ಟೈಲ್ ದೊಡ್ಡದು ಮಾಡು’ ಎಂದವರ ಮಾತಿನಲ್ಲಿ ಅರ್ಧ ಸತ್ಯವಿದೆ. ದೊಡ್ಡ ಟೈಲ್ ಆದರೆ ಪುನರಾವರ್ತನೆ ದೂರ ದೂರ ಆಗುತ್ತದೆ, ನಿಜ. ಆದರೆ ಅದರಲ್ಲಿ ಒಂದು ಬಿಳಿ ಕಲ್ಲು ಎದ್ದು ಕಾಣುತ್ತಿದ್ದರೆ ಆ ಕಲ್ಲು ಅಷ್ಟೇ ದೂರದಲ್ಲಿ ಮತ್ತೆ ಮತ್ತೆ ಬರುತ್ತದೆ, ಕಣ್ಣು ಹಿಡಿದೇ ಹಿಡಿಯುತ್ತದೆ. ಬೆಲೆಯೂ ಇದೆ: ಪಿಕ್ಸೆಲ್ಲಿಗೆ ನಾಲ್ಕು ಬೈಟ್ ಎಂದರೆ 512ರ ಟೈಲ್ ಗ್ರಾಫಿಕ್ಸ್ ಮೆಮೊರಿಯಲ್ಲಿ 1 ಎಂಬಿ, 1024ರದ್ದು 4, 2048ರದ್ದು 16. ಪಿಎನ್‌ಜಿ ಫೈಲ್ ಸಣ್ಣದಿದ್ದರೂ ಮೆಮೊರಿಯಲ್ಲಿ ಬಿಚ್ಚಿಕೊಂಡಾಗ ಇಷ್ಟೇ ಜಾಗ ಹಿಡಿಯುತ್ತದೆ. ಹಳೇ ಲ್ಯಾಪ್‌ಟಾಪಿನಲ್ಲಿ, ಅಗ್ಗದ ಫೋನಿನಲ್ಲಿ ಇದು ತಟ್ಟುತ್ತದೆ.

ಕಣ್ಣು ಹುಡುಕುವುದು ಗುರುತುಗಳನ್ನು. ಟೈಲನ್ನು ಎಂಟಕ್ಕೆ ಎಂಟು ಹರಡಿ, ಜೂಮ್ 25 ಶೇಕಡಕ್ಕೆ ಇಳಿಸಿ, ಕಣ್ಣು ಅರ್ಧ ಮುಚ್ಚಿ ನೋಡಿ. ಯಾವುದು ಸಾಲುಗಟ್ಟಿ ಕಾಣುತ್ತದೋ ಅದನ್ನು ಅಳಿಸಿ. ಮತ್ತೆ ನೋಡಿ, ಮುಂದಿನದು ಕಾಣುತ್ತದೆ. ಇದನ್ನು ಮಾಡುತ್ತ ಹೋದರೆ ಟೈಲ್ ಒಂದಷ್ಟು ಸಪ್ಪೆ ಆಗುತ್ತದೆ, ಆಗಲೇಬೇಕು. ನೆಲದ ಟೈಲ್ ಸಪ್ಪೆಯಾಗಿದ್ದಷ್ಟೂ ಒಳ್ಳೆಯದು. ಒಣಗಿದ ಎಲೆ, ಕಲ್ಲು, ಪಾಚಿ, ಚಕ್ರದ ಗುರುತು ಇವನ್ನೆಲ್ಲ ಪಾರದರ್ಶಕ ಹಿನ್ನೆಲೆಯ ಬೇರೆ ಚಿತ್ರಗಳಾಗಿ ಮಾಡಿಟ್ಟುಕೊಂಡು, ಆಟದ ನಕ್ಷೆಯಲ್ಲಿ ಬೇಕಾದ ಕಡೆ ಮೇಲಿನ ಲೇಯರಿನಲ್ಲಿ ಇಡಿ.

ಗೋಡೆಗೆ ಮೂರು ನಾಲ್ಕು ಬದಲಿ ಟೈಲ್‌ಗಳನ್ನೂ ಮಾಡಿ. ನಾವು ಸಾಲು ಸಾಲಾಗಿ ಕಟ್ಟಿದ್ದರ ಲಾಭ ಇಲ್ಲಿದೆ. ಎಂಟು ಕಲ್ಲುಗಳಲ್ಲಿ ಟೈಲಿನ ಅಂಚು ಹಾಯುವುದು ಎರಡರಲ್ಲಿ ಮಾತ್ರ, ಎರಡನೇ ಮತ್ತು ನಾಲ್ಕನೇ ಸಾಲಿನ ಒಂದೊಂದು ಕಲ್ಲಿನಲ್ಲಿ. ಆ ಎರಡನ್ನು ಎಲ್ಲ ಬದಲಿಗಳಲ್ಲೂ ಹಾಗೇ ಬಿಟ್ಟು, ಉಳಿದ ಆರನ್ನು ಫೋಟೊದ ಬೇರೆ ಕಲ್ಲುಗಳಿಂದ ಬದಲಿಸಿದರೆ ಯಾವ ಟೈಲ್ ಪಕ್ಕ ಯಾವ ಟೈಲ್ ಬಂದರೂ ಕೂಡುತ್ತದೆ. ಬದಲಾಗದ ಆ ಎರಡು ಕಲ್ಲು ಆದಷ್ಟು ಸಾಮಾನ್ಯವಾಗಿರಲಿ. ಗೊಡೊದಲ್ಲಿ ಟೈಲ್‌ಗಳನ್ನು ಯಾದೃಚ್ಛಿಕವಾಗಿ ಹರಡುವ ಆಯ್ಕೆಯೂ, ಯಾವುದು ಎಷ್ಟು ಬಾರಿ ಬರಬೇಕೆಂದು ಹೇಳುವ ‘ಪ್ರಾಬಬಿಲಿಟಿ’ಯೂ ಇವೆ. ಅಂಚುಗಳನ್ನೂ ಬದಲಿಸಬೇಕೆಂಬ ಆಸೆಯಿದ್ದರೆ ಗಣಿತಜ್ಞ ಹಾವೊ ವಾಂಗ್ 1961ರಲ್ಲಿ ತರ್ಕಶಾಸ್ತ್ರದ ಒಂದು ಪ್ರಶ್ನೆಗಾಗಿ ಯೋಚಿಸಿದ ಟೈಲ್‌ಗಳ ದಾರಿಯಿದೆ: ಪ್ರತಿ ಬದಿಗೂ ಎರಡು ಬಗೆಯ ಅಂಚು, ಒಂದೇ ಬಗೆಯವು ಮಾತ್ರ ಒಂದಕ್ಕೊಂದು ತಾಗಬೇಕು. ಪೂರ್ತಿ ಸೆಟ್ಟಿಗೆ 16 ಟೈಲ್ ಬೇಕಾಗುತ್ತದೆ. ನಿಮ್ಮ ಪ್ರಾಜೆಕ್ಟಿಗೆ ಅಷ್ಟು ಶ್ರಮ ಬೇಡ ಎಂದೇ ನನ್ನ ಸಲಹೆ.

ಎಲ್ಲಕ್ಕಿಂತ ಅಗ್ಗದ ಉಪಾಯವೊಂದಿದೆ, ಯಾಕೋ ಹೆಚ್ಚು ಜನ ಬಳಸುವುದಿಲ್ಲ. ಹಲವು ಟೈಲ್‌ಗಳಷ್ಟು ಅಗಲದ, ಮೋಡದಂಥ ಮೆತ್ತಗಿನ ಬೆಳಕು ನೆರಳಿನ ಒಂದು ಚಿತ್ರವನ್ನು ನೆಲದ ಮೇಲೆ ‘ಮಲ್ಟಿಪ್ಲೈ’ ಮೋಡಿನಲ್ಲಿ ತೆಳುವಾಗಿ ಹಾಸಿ. ಅದರ ಅಳತೆ ಟೈಲಿನ ಅಳತೆಗೆ ಹೊಂದದ ಕಾರಣ ಒಂದೇ ಟೈಲ್ ಒಂದು ಕಡೆ ತುಸು ಕಪ್ಪಾಗಿ, ಇನ್ನೊಂದು ಕಡೆ ತುಸು ಬೆಳ್ಳಗೆ ಕಾಣುತ್ತದೆ. ಚೌಕಗಳು ಬಹುಮಟ್ಟಿಗೆ ಮಾಯವಾಗುತ್ತವೆ.

ಕೆಂಪು ಮಣ್ಣಿನ ಅಂಗಳಕ್ಕೆ ಫೋಟೊವನ್ನೇ ಬಿಡಿ ಎನ್ನುತ್ತೇನೆ. ಗಿಂಪ್‌ನ ‘ಸಾಲಿಡ್ ನಾಯ್ಸ್’ನಲ್ಲಿ ‘ಟೈಲೇಬಲ್’ ಎಂಬ ಗುರುತು ಹಾಕಿದರೆ ಹುಟ್ಟುವಾಗಲೇ ಅಂಚು ಕೂಡಿದ ಚಿತ್ರ ಸಿಗುತ್ತದೆ. 1982ರ ‘ಟ್ರಾನ್’ ಚಿತ್ರಕ್ಕೆ ಕೆಲಸ ಮಾಡಿದ ಕೆನ್ ಪರ್ಲಿನ್, ಕಂಪ್ಯೂಟರ್ ಚಿತ್ರಗಳು ತೀರ ನುಣುಪಾಗಿ ಯಂತ್ರದ ಹಾಗೆ ಕಾಣುತ್ತವೆಂದು ಬೇಸತ್ತು ಮರುವರ್ಷ ರೂಪಿಸಿದ ವಿಧಾನದ ಕುಲದ್ದು ಇದು. ಆ ಕೆಲಸಕ್ಕೆ ಅವರಿಗೆ 1997ರಲ್ಲಿ ಆಸ್ಕರ್ ಅಕಾಡೆಮಿಯ ತಾಂತ್ರಿಕ ಪ್ರಶಸ್ತಿ ಬಂತು. ಎರಡು ಲೇಯರ್ ಮಾಡಿ, ಒಂದರಲ್ಲಿ ಅಳತೆ 4ರ ಸುಮಾರಿಗೆ ಇಟ್ಟು ದೊಡ್ಡ ಏರಿಳಿತ, ಇನ್ನೊಂದರಲ್ಲಿ 16ರಷ್ಟಿಟ್ಟು ಸಣ್ಣ ಏರಿಳಿತ. ಎರಡನ್ನೂ ಬೆರೆಸಿ, ಗಾಢ ಕೆಂಪಿನಿಂದ ಕಂದುಗೆಂಪಿನವರೆಗಿನ ಗ್ರೇಡಿಯಂಟನ್ನು ‘ಗ್ರೇಡಿಯಂಟ್ ಮ್ಯಾಪ್’ನಿಂದ ಹಾಕಿ, ಮೇಲೆ ಚೂರು ‘ಎಚ್‌ಎಸ್‌ವಿ ನಾಯ್ಸ್’ ಉದುರಿಸಿ. ಬಣ್ಣವನ್ನು ಮಾತ್ರ ನಿಮ್ಮ ಅಂಗಳದ ಫೋಟೊದಿಂದಲೇ ಹಿಡಿಯಿರಿ. ಬಂಪ್ ಮ್ಯಾಪ್ ಕೊಡುವುದಿದ್ದರೆ ಅಲ್ಲಿರುವ ಟೈಲ್ ಆಯ್ಕೆಗೂ ಗುರುತು ಹಾಕಬೇಕು, ಬೆಳಕಿನ ದಿಕ್ಕು ಎಲ್ಲ ಟೈಲ್‌ಗಳಲ್ಲೂ ಒಂದೇ ಇರಬೇಕು. ಇದರ ಅಪಾಯವೆಂದರೆ ಎಲ್ಲ ನೆಲವೂ ಒಂದೇ ಥರ ಮೋಡ ಮೋಡವಾಗಿ ಕಾಣುವುದು. ಹರಳು, ತರಗೆಲೆ ಕೈಯಿಂದ ಸೇರಿಸಿದರೆ ಅದು ನಿಮ್ಮ ಊರಿನ ಮಣ್ಣಾಗುತ್ತದೆ.

ಹೆಂಚಿನ ಮಾಡಿನ ವಿಷಯಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಕಾರ್ಖಾನೆಯ ಅಚ್ಚಿನಿಂದ ಬಂದ ಹೆಂಚು ನಿಜವಾದ ಮಾಡಿನಲ್ಲೂ ಒಂದೇ ಥರ ಇರುತ್ತದೆ. ಒಂದು ಹೆಂಚು ಚೆನ್ನಾಗಿ ಬರೆದು ನಕಲು ಮಾಡಿ, ಕೆಲವಕ್ಕೆ ಮಳೆಗೆ ಕಪ್ಪಾದ ಬಣ್ಣ, ಒಂದೆರಡಕ್ಕೆ ಹೊಸದಾಗಿ ಹಾಕಿಸಿದ ಕೆಂಪು ಕೊಡಿ. ಕೈಯಿಂದ ಬರೆಯುವುದಕ್ಕೆ ಕ್ರಿಟಾ ಒಳ್ಳೆಯದು, ಅದೂ ಉಚಿತ. ಅದರಲ್ಲಿ ಡಬ್ಲ್ಯೂ ಕೀ ಒತ್ತಿದರೆ ‘ವ್ರ್ಯಾಪ್ ಅರೌಂಡ್’ ಶುರುವಾಗುತ್ತದೆ: ಬಲ ಅಂಚಿನಾಚೆ ಎಳೆದ ಗೆರೆ ಎಡದಿಂದ ಒಳಬರುತ್ತದೆ, ಚಿತ್ರ ನಾಲ್ಕೂ ಕಡೆ ಹರಡಿಕೊಂಡೇ ಕಾಣುತ್ತದೆ.

ಇನ್ನು ನಿಮಗೆ ಸಿಕ್ಕಿದ ಸಲಹೆಗಳು. ಫೋಟೊಶಾಪಿನಲ್ಲಿ ಇದೇ ಆಫ್‌ಸೆಟ್, ಇದೇ ಕ್ಲೋನ್ ಇವೆ. ಇನ್ನೂ ಕೆಲವು ಅನುಕೂಲಗಳಿವೆ, ಆದರೆ ಅಳತೆ ಇಳಿಸಿದಾಗ ಅಂಚು ಕೆಡುವುದು ಅಲ್ಲೂ ತಪ್ಪಿದ್ದಲ್ಲ. ಈ ಕೆಲಸಕ್ಕಾಗಿ ದುಡ್ಡು ಹಾಕಬೇಡಿ. ಎಐ ಮಾಡಿಕೊಡುವ ಚಿತ್ರ ನೋಡಲು ಚೆಂದವಿದ್ದರೂ ಹಲವು ಬಾರಿ ಅಂಚು ಕೂಡಿರುವುದಿಲ್ಲ, ಬೆಳಕು ಒಂದು ಕಡೆಯಿಂದ ಬಿದ್ದಿರುತ್ತದೆ, ಗಾರೆಯ ಸಾಲುಗಳು ಅಂಕುಡೊಂಕಾಗಿರುತ್ತವೆ. ಮೇಲೆ ಹೇಳಿದ ದುಡಿಮೆಯೆಲ್ಲ ಅದಕ್ಕೂ ಬೇಕು. ಕಾಲೇಜಿನ ನಿಯಮ ಏನಿದೆ ಎಂದು ಮೊದಲು ಕೇಳಿ. ಮುಂದೆ ಆಟಗಳನ್ನು ಮಾರುವ ಸ್ಟೀಮ್ ತಾಣದಲ್ಲಿ ಬಿಡುವ ಯೋಚನೆಯಿದ್ದರೆ ಅಲ್ಲಿ 2024ರಿಂದ ಎಐ ಬಳಕೆಯನ್ನು ಘೋಷಿಸಬೇಕು. ಸಿದ್ಧ ಟೆಕ್ಸ್ಚರ್ (ಮೇಲ್ಮೈಯ ಚಿತ್ರ) ಬೇಕಿದ್ದರೆ ಪಾಲಿ ಹೇವನ್, ಆಂಬಿಯೆಂಟ್‌ಸಿಜಿ ತಾಣಗಳಲ್ಲಿ ಸಿಸಿ0 ಪರವಾನಗಿಯಲ್ಲಿ ಸಿಗುತ್ತವೆ, ಅಂದರೆ ಯಾರ ಅನುಮತಿಯೂ ಬೇಡ. ಮರದ ಹಲಗೆ, ಹುಲ್ಲು ಅಲ್ಲಿಂದ ತೆಗೆದುಕೊಳ್ಳಿ. ಮುರಕಲ್ಲನ್ನು ನಿಮ್ಮ ಮನೆಯ ಗೋಡೆಯಿಂದಲೇ ಮಾಡಿ, ನೋಡಿದವರಿಗೆ ಅದು ಎಲ್ಲಿಯ ಮನೆ ಎಂದು ಗೊತ್ತಾಗುವುದು ಆ ಗೋಡೆಯಿಂದ.

ಕೆಲಸ ಹಂಚಿಕೊಳ್ಳುವಾಗ 512ರ ಮೂಲವನ್ನು ಲೇಯರ್‌ಗಳ ಸಮೇತ ಗಿಂಪ್‌ನದೇ ಫೈಲ್ ಬಗೆಯಾದ ಎಕ್ಸ್‌ಸಿಎಫ್ ಆಗಿ ಒಂದು ಕಡೆ ಇಡಿ, ಅದನ್ನು ಯಾರೂ ಇಳಿಸಿ ಉಳಿಸಬಾರದು. ಆಟದ ಫೋಲ್ಡರಿಗೆ ಹೋಗುವುದು ಅದರಿಂದ ತೆಗೆದ ಪಿಎನ್‌ಜಿ ಮಾತ್ರ. ನಾಳೆ ಮಾಸ್ತರು 64 ಸಾಲದು, 128 ಮಾಡಿ ಅಂದರೆ ಅದೇ ಎಕ್ಸ್‌ಸಿಎಫ್‌ನಿಂದ 1536ಕ್ಕೆ ಹರಡಿ, 384ಕ್ಕೆ ಇಳಿಸಿ, 128, 128ರಿಂದ ಕತ್ತರಿಸಿಕೊಳ್ಳಿ.